ಬರ್ಗೆನ್ ದಾರಿಯಲ್ಲಿ ಪುಟ್ಟಿಯ ಪಟ್ಟಿ

ನಾನು ಸಾಗರದ ಬಸ್ ಡಿಪೋದಲ್ಲಿ ಚಾರ್ಜ್‌ಮನ್ ಆಗಿ ನಿವೃತ್ತನಾದವನು. ಓಸ್ಲೋದಲ್ಲಿ ಮಗನ ಮನೆಗೆ ಹೋಗಿದ್ದಾಗ ಈ ಮಾತು ಕೇಳಿ ಮೊಮ್ಮಗಳು ಪುಟ್ಟಿ ಕಣ್ಣರಳಿಸಿದಳು. "ಅಜ್ಜ, ಆಗಲೇ ನೀನು ಬಸ್ಸುಗಳನ್ನ ಚಾರ್ಜ್ ಮಾಡ್ತಿದ್ಯಾ?" ಎಲ್ಲಿಯ ಚಾರ್ಜು! ಮೆಕ್ಯಾನಿಕ್‌ಗಳ ಕೆಲಸ ನೋಡಿಕೊಳ್ಳುವವನಿಗೆ ಆ ಹೆಸರು. ನಮ್ಮ ಕಾಲದ ಬಸ್ಸುಗಳು ಕುಡಿಯುತ್ತಿದ್ದದ್ದು ಡೀಸೆಲ್ ಮಾತ್ರ. ಆದರೆ ಪುಟ್ಟಿಗೆ ಹೊಗೆ ಬಿಡುವ ಕಾರೇ ಅಪರೂಪ. 2024ರಲ್ಲಿ ನಾರ್ವೆಯಲ್ಲಿ ಮಾರಾಟವಾದ ಪ್ರತಿ ಹತ್ತು ಹೊಸ ಕಾರುಗಳಲ್ಲಿ ಸುಮಾರು ಒಂಬತ್ತು ವಿದ್ಯುತ್ತಿನವು.

ಮಗನ ಹತ್ತಿರವೂ ಅಂಥದೇ ಒಂದಿದೆ. ಸಾಮಾನ್ಯದ್ದಲ್ಲ, ಐಷಾರಾಮಿ ಕಾರು. ಯಾವ ಕಂಪನಿಯದು ಎಂದು ಹೇಳುವುದಿಲ್ಲ, ಮುಂದೆ ಅದರ ಮೇಲೆ ನಾಲ್ಕು ದೂರು ಹೇಳುವುದಿದೆ. ತೂಕ ಎರಡೂವರೆ ಟನ್. ಛಾವಣಿಯೆಲ್ಲ ಗಾಜು. ಬಾಗಿಲಿಗೆ ಹಿಡಿಕೆಯೇ ಕಾಣುವುದಿಲ್ಲ, ಹತ್ತಿರ ಹೋದರೆ ಬಾಗಿಲೊಳಗಿಂದ ತಾನಾಗಿಯೇ ಹೊರಗೆ ಬರುತ್ತದೆ. ಮುಂದೆ ನಮ್ಮ ಮನೆಯ ಟಿವಿಯಷ್ಟು ಅಗಲದ ಪರದೆ. "ನೀವಿಬ್ಬರೂ ಬರ್ತೀರಿ ಅಂತಲೇ ಅಪ್ಪ, ಆರಾಮಾಗಿ ತಿರುಗಾಡಿಸಬಹುದು ಅಂತ ಇದನ್ನೇ ತಗೊಂಡೆ" ಎಂದ ಮಗ. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಅದಕ್ಕೇ ನನ್ನವಳು ಮೊದಲ ದಿನ ಆ ಕಾರಿನಿಂದ ಇಳಿಯುವಾಗ ಮೊಣಕಾಲು ಹಿಡಿದುಕೊಂಡು "ಅಮ್ಮಾ" ಎಂದದ್ದನ್ನು ಇಬ್ಬರೂ ಅವನಿಗೆ ಹೇಳಲಿಲ್ಲ.

ಏಪ್ರಿಲ್‌ನ ಈಸ್ಟರ್ ರಜೆಗೆ ಬರ್ಗೆನ್‌ಗೆ ಹೊರಟೆವು. ಐನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದಾರಿ. ಹೊರಡುವ ಮುನ್ನ ಮಗನ ಫೋನಿಗೆ ಕಾರು ಕಂಪನಿಯಿಂದ ಒಂದು ಪ್ರಶ್ನೆಪತ್ರಿಕೆ ಬಂದಿತ್ತು. ಮುಂದಿನ ಮಾದರಿ ತಯಾರಾಗುತ್ತಿದೆ, ಏನೇನು ಸುಧಾರಿಸಬೇಕು ಎಂದು ಮಾಲೀಕರನ್ನೇ ಕೇಳಿದ್ದರು. "ನೀವೆಲ್ಲ ನೋಡಿ ಹೇಳಿ, ಬರ್ಗೆನ್ ತಲುಪಿದ ಮೇಲೆ ತುಂಬೋಣ" ಎಂದ. ಪುಟ್ಟಿ ತಕ್ಷಣ ಶಾಲೆಯ ನೋಟ್‌ಬುಕ್ ತಂದು ಹಿಂದಿನ ಸೀಟಿನಲ್ಲಿ ಕುಳಿತಳು, ಅವಳ ಪಕ್ಕ ಅಜ್ಜಿ, ಆಚೆ ಸೊಸೆ. ನಾನು ಮುಂದೆ.

ಊರು ದಾಟುವಾಗ ಟೋಲ್ ಬಂತು. ಗೇಟಿಲ್ಲ, ಕಂಬದ ಮೇಲೊಂದು ಕ್ಯಾಮೆರಾ. ಮಗ ಒಂದು ಕಥೆ ಹೇಳಿದ. 1989ರಲ್ಲಿ 'ಆ-ಹಾ' ಎಂಬ ಇಲ್ಲಿಯ ಪ್ರಸಿದ್ಧ ಹಾಡುಗಾರರ ತಂಡದವರು, 'ಬೆಲ್ಲೋನಾ' ಎಂಬ ಪರಿಸರ ಸಂಘಟನೆಯವರ ಜೊತೆ ಸೇರಿ, ವಿದ್ಯುತ್ತಿಗೆ ಮಾರ್ಪಡಿಸಿದ ಒಂದು ಪುಟ್ಟ ಫಿಯೆಟ್ ಪಾಂಡಾ ಕಾರನ್ನು ತಂದರಂತೆ. ಹೊಗೆ ಬಿಡದ ಕಾರಿಗೆ ಟೋಲ್ ಏಕೆ ಎಂದು ಕೊಡದೆಯೇ ಓಡಿಸಿದರು. ದಂಡ ಬಿತ್ತು, ಅದನ್ನೂ ಕಟ್ಟಲಿಲ್ಲ. ಸರ್ಕಾರ ಕಾರನ್ನು ಜಪ್ತಿ ಮಾಡಿ ಹರಾಜು ಹಾಕಿತು. ಇವರೇ ಹೋಗಿ ಹರಾಜಿನಲ್ಲಿ ಕೊಂಡು ತಂದು ಮತ್ತೆ ಟೋಲ್ ಕೊಡದೆ ಓಡಿಸಿದರು! ಕೊನೆಗೆ 1997ರಲ್ಲಿ ವಿದ್ಯುತ್ ಕಾರುಗಳಿಗೆ ಟೋಲ್ ಮಾಫಿಯಾಯಿತು. ಈಗ ಅಂಥ ಕಾರುಗಳೇ ತುಂಬಿರುವುದರಿಂದ ರಿಯಾಯಿತಿಗಳು ಒಂದೊಂದಾಗಿ ಕಡಿಮೆಯಾಗುತ್ತಿವೆ. ನಮ್ಮ ಕಾರಿಗೂ ಟೋಲ್ ಬಿತ್ತು.

ಪಟ್ಟಿಯ ಮೊದಲ ಅಂಶ ಬರೆಸಿದವನು ನಾನೇ. ಕಾಲಿಗೆ ಬಿಸಿಗಾಳಿ ಜಾಸ್ತಿಯಾಗಿತ್ತು, ಕಡಿಮೆ ಮಾಡೋಣ ಎಂದು ತಿರುಗಣಿ ಹುಡುಕಿದೆ. ಇಲ್ಲ. ಪರದೆ ಮುಟ್ಟಬೇಕು, ಅದರೊಳಗೆ ಇನ್ನೊಂದು ಪುಟ, ಅದರೊಳಗೆ ಗಾಳಿಯ ಚಿತ್ರ. ರಸ್ತೆ ಕುಲುಕಿದಾಗ ನನ್ನ ಬೆರಳು ಎಲ್ಲೋ ಬಿದ್ದು ಹಾಡು ಶುರುವಾಯಿತು. ಬಸ್ಸಿನ ಡ್ರೈವರ್ ಕತ್ತಲಲ್ಲಿ ಕೈ ಹಾಕಿದರೂ ವೈಪರ್ ಸ್ವಿಚ್ ಸಿಗುತ್ತಿತ್ತು, ಯಾಕೆಂದರೆ ಅದು ನಿನ್ನೆ ಇದ್ದಲ್ಲೇ ಇವತ್ತೂ ಇರುತ್ತಿತ್ತು. ಇದು ಮುದುಕನ ಗೊಣಗಾಟವಷ್ಟೇ ಅಲ್ಲ. ಯೂರೋಪಿನಲ್ಲಿ ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ 'ಯೂರೋ ಎನ್‌ಕ್ಯಾಪ್' ಸಂಸ್ಥೆ 2026ರಿಂದ ನಿಯಮ ಬದಲಿಸಿದೆ. ಪೂರ್ತಿ ನಕ್ಷತ್ರ ಬೇಕಾದರೆ ಇಂಡಿಕೇಟರ್, ವೈಪರ್, ಹಾರ್ನ್‌ನಂಥವಕ್ಕೆ ಕೈಗೆ ಸಿಗುವ ನಿಜವಾದ ಸ್ವಿಚ್ಚುಗಳೇ ಇರಬೇಕು. ಪುಟ್ಟಿ ಬರೆದಳು: "ತಿರುಗಿಸೋ ಗುಂಡಿ ಬೇಕು."

ಗೋಲ್ ಎಂಬ ಊರು ದಾಟಿದ ಮೇಲೆ ಹಿಮ ಶುರುವಾಯಿತು. ಹಿಂದಿನ ಗಾಜಿಗೆ ಕೆಸರು ಮೆತ್ತಿ ಏನೂ ಕಾಣದು, ಅದಕ್ಕೆ ವೈಪರ್ ಇಲ್ಲ. ಅದೂ ಪಟ್ಟಿಗೆ ಸೇರಿತು. ಓಸ್ಲೋದಿಂದ ಸುಮಾರು 220 ಕಿಲೋಮೀಟರ್ ಬಂದು ಗೈಲೊ ತಲುಪುವಾಗ ಬ್ಯಾಟರಿ 100ರಿಂದ 38ಕ್ಕೆ ಇಳಿದಿತ್ತು. (ಬರೆಯುವುದು ಗೈಲೊ, ಓದುವುದು ಯೈಲೊ.) "ಪೂರ್ತಿ ತುಂಬಿದರೆ 600 ಕಿಲೋಮೀಟರ್ ಅಂದಿದ್ಯಲ್ಲೋ?" ಎಂದೆ. ಮಗ ನಕ್ಕ. ಮಕ್ಕಳೇ, ಇದರಲ್ಲಿ ಒಂದು ತಮಾಷೆಯ ವಿಜ್ಞಾನವಿದೆ. ಪೆಟ್ರೋಲ್, ಡೀಸೆಲ್ ಎಂಜಿನ್ನು ದುಂದುಗಾರ, ಸುಟ್ಟ ಇಂಧನದ ಬಹುಪಾಲನ್ನು ಬಿಸಿಯಾಗಿಯೇ ಕಳೆಯುತ್ತದೆ. ಚಳಿಯಲ್ಲಿ ಆ ಬಿಸಿ ಪುಕ್ಕಟೆಯಾಗಿ ನಮ್ಮನ್ನು ಬೆಚ್ಚಗಿಡುತ್ತದೆ. ವಿದ್ಯುತ್ ಮೋಟಾರು ಜಿಪುಣ, ಬಿಸಿ ಹುಟ್ಟುವುದೇ ಕಡಿಮೆ. ಹಾಗಾಗಿ ಕೂತವರಿಗೆ ಬೇಕಾದ ಶಾಖವನ್ನೂ ಬ್ಯಾಟರಿಯೇ ಕೊಡಬೇಕು. ಜೊತೆಗೆ ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಯೂ ಮಂದ, ಬೆಳಿಗ್ಗೆ ಏಳಲು ಒಲ್ಲದ ಹುಡುಗನ ಹಾಗೆ. ಮೇಲೆ ಬೆಟ್ಟ ಹತ್ತುವ ದಾರಿ ಬೇರೆ.

ಯೈಲೊದ ಚಾರ್ಜಿಂಗ್ ಜಾಗದಲ್ಲಿ ಜಾತ್ರೆ. ಈಸ್ಟರ್‌ಗೆ ನಾರ್ವೆಯ ಜನ ಸ್ಕೀ ಕಟ್ಟಿಕೊಂಡು, ಕಿತ್ತಳೆ ಹಣ್ಣು ಹಿಡಿದು ಬೆಟ್ಟದ ಮನೆಗಳಿಗೆ ಹೋಗುತ್ತಾರೆ. ನಮ್ಮ ಸರತಿ ಬರಲು ಅರ್ಧ ಗಂಟೆ ಹಿಡಿಯಿತು. ಬಂದ ಮೇಲೆ ಕೇಬಲ್ ನಮ್ಮ ಕಾರಿನ ತೂತಿಗೆ ಎಟುಕಲಿಲ್ಲ, ಮಗ ಕಾರನ್ನು ಹಿಂದುಮುಂದು ಮಾಡಿ ಓರೆಯಾಗಿ ನಿಲ್ಲಿಸಿದ. ಪಟ್ಟಿಗೆ ಇನ್ನೊಂದು ಸಾಲು.

ಅಲ್ಲಿ ನಿಂತವರೆಲ್ಲ ಮಾಲೀಕರೇ. ಪುಟ್ಟಿ ನೋಟ್‌ಬುಕ್ ಹಿಡಿದು ಒಬ್ಬೊಬ್ಬರನ್ನೂ ನಾರ್ವೆ ಭಾಷೆಯಲ್ಲಿ ಕೇಳಿಕೊಂಡು ಬಂದಳು. ನಮ್ಮಂಥದೇ ಕಾರಿನ ಹೆಂಗಸೊಬ್ಬರು ತಮ್ಮ ಮುದಿ ನಾಯಿಯನ್ನು ಎತ್ತಿ ಡಿಕ್ಕಿಗೆ ಹತ್ತಿಸುತ್ತಿದ್ದರು. ಬಸ್ಸು ಬಗ್ಗಿ ನಿಲ್ಲುವ ಹಾಗೆ ಕಾರಿನ ಹಿಂಭಾಗವೂ ಬಗ್ಗಬೇಕು ಎಂದರಂತೆ. ಒಬ್ಬರ ಬೇಡಿಕೆ ಕೇಬಲ್ ಇಡಲು ಬೇರೆ ಜಾಗ, ಈಗ ಅದು ಡಿಕ್ಕಿಯ ತಳದಲ್ಲಿರುವುದರಿಂದ ಪ್ರತಿ ಸಲವೂ ಸಾಮಾನನ್ನೆಲ್ಲ ಹಿಮದ ಮೇಲೆ ಇಳಿಸಬೇಕು. ಇನ್ನೊಬ್ಬರಿಗೆ ಸ್ಟೆಪ್ನಿ ಬೇಕು. ಹೌದಲ್ಲ, ಇಷ್ಟು ಬೆಲೆಯ ಕಾರಿನಲ್ಲಿ ಸ್ಟೆಪ್ನಿ ಇಲ್ಲವೇ ಎಂದು ಹೋಗಿ ನೋಡಿದೆ. ಇಲ್ಲ! ಗಾಳಿ ತುಂಬುವ ಒಂದು ಪುಟ್ಟ ಯಂತ್ರ, ಒಂದು ಡಬ್ಬಿ ಅಂಟು. ನಮ್ಮ ಡಿಪೋದಿಂದ ಯಾವ ಬಸ್ಸೂ ಹಾಗೆ ಹೊರಗೆ ಹೋಗುತ್ತಿರಲಿಲ್ಲ. ಯುವಕನೊಬ್ಬ ಮಾತ್ರ ಇನ್ನೂ ವೇಗ ಬೇಕು ಎಂದನಂತೆ. ಅದನ್ನು ಪುಟ್ಟಿ ಬರೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಅವಳು ಚಳಿ ಎಂದು ಅಜ್ಜಿಯ ಪಕ್ಕ ಹೋಗಿ ಕುಳಿತು ಬಾಗಿಲು ಹಾಕಿಕೊಂಡಳು. ಮಗ, ಸೊಸೆ ಕಾಫಿ ತರಲು ಅಂಗಡಿಗೆ ಹೋಗಿದ್ದರು. ನಾನು ಹೊರಗೆ ನಿಂತು ಬೆಟ್ಟ ನೋಡುತ್ತಿದ್ದೆ. ಹತ್ತು ನಿಮಿಷದ ಮೇಲೆ ತಿರುಗಿ ನೋಡಿದರೆ ಗಾಜಿನಾಚೆ ನನ್ನವಳ ಬಾಯಿ ಆಡುತ್ತಿದೆ, ಸದ್ದು ಕೇಳುತ್ತಿಲ್ಲ. ಎರಡು ಪದರದ ಗಾಜು. ಅವಳಿಗೆ ಶೌಚಕ್ಕೆ ಹೋಗಬೇಕಿತ್ತು, ಬಾಗಿಲು ತೆರೆಯುತ್ತಿಲ್ಲ. ಪುಟ್ಟಿ ಚಿಕ್ಕವಳೆಂದು ಹಿಂದಿನ ಬಾಗಿಲುಗಳಿಗೆ ಮಕ್ಕಳ ಲಾಕ್ ಹಾಕಿದ್ದರು. ಹೊರಗಿನಿಂದ ತೆಗೆಯೋಣವೆಂದರೆ ಹಿಡಿಕೆ ಹೊರಗೆ ಬರಬೇಕಲ್ಲ? ದಾರಿಯಲ್ಲಿ ಕರಗಿದ ಹಿಮ ಅದರ ಮೇಲೆ ಹರಿದು, ನಿಂತಾಗ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಉಗುರು ಹಾಕಿದೆ, ಬೀಗದ ಕೈ ಗೊಂಚಲಿನಿಂದ ಕೆರೆದೆ. ಒಳಗೆ ಅವಳ ಮುಖ ಬಿಳಿಚಿಕೊಂಡಿತು, ಗಾಜನ್ನು ಬಡಿಯತೊಡಗಿದಳು. ಮೂವತ್ತೆರಡು ವರ್ಷ ಬಸ್ಸು ರಿಪೇರಿ ಮಾಡಿದ ಕೈ ನನ್ನದು, ಒಂದು ಕಾರಿನ ಬಾಗಿಲು ತೆಗೆಯಲು ಬರಲಿಲ್ಲ.

ಪಕ್ಕದ ಕಾರಿನಿಂದ ಒಬ್ಬ ಹಿರಿಯರು ಇಳಿದು ಬಂದರು. ನನ್ನಷ್ಟೇ ವಯಸ್ಸು. ಏನೂ ಕೇಳದೆ ಮುಷ್ಟಿ ಕಟ್ಟಿ ಹಿಡಿಕೆಯ ಸುತ್ತ ನಾಲ್ಕು ಸಲ ಗುದ್ದಿದರು, ಅವಲಕ್ಕಿಯ ಹಾಗೆ ಮಂಜುಗಡ್ಡೆ ಉದುರಿತು. ಅದೇ ಹೊತ್ತಿಗೆ ಪುಟ್ಟಿ ಒಳಗಿನಿಂದ ಮುಂದಿನ ಸೀಟಿಗೆ ಹತ್ತಿ ಅಲ್ಲಿಯ ಬಾಗಿಲು ತೆಗೆದಿದ್ದಳು. ಎಲ್ಲ ಸೇರಿ ಎರಡು ನಿಮಿಷ ಆಗಿರಬಹುದು. ನನ್ನವಳು ಇಳಿಯುವಾಗ ಮೊಣಕಾಲು ನೆಟ್ಟಗಾಗದೆ ಆ ಹಿರಿಯರ ತೋಳನ್ನೇ ಹಿಡಿದಳು.

ಅವರು ನನ್ನನ್ನು ಕೇಳಿದರು, ಯಾವ ದೇಶ? ಇಂಡಿಯಾ. ಯಾವ ಊರು? ಸಾಗರ ಎಂದರೆ ಗೊತ್ತಾಗುವುದಿಲ್ಲವೆಂದು "ಬೆಂಗಳೂರಿನ ಕಡೆ" ಎಂದೆ. ಅವರ ಮುಖ ಅರಳಿತು. "ರೇವಾ!" ಎಂದರು. ಅವರ ಮೊದಲ ವಿದ್ಯುತ್ ಕಾರು ನಮ್ಮ ಬೆಂಗಳೂರಿನ ರೇವಾ! ನಂಬಿ ಮಕ್ಕಳೇ, 2001ರಲ್ಲಿ ಚೇತನ್ ಮೈನಿಯವರು ಬೊಮ್ಮಸಂದ್ರದ ಕಾರ್ಖಾನೆಯಿಂದ ಹೊರತಂದ ಆ ಪುಟಾಣಿ ಕಾರು ಲಂಡನ್‌ನಲ್ಲೂ ನಾರ್ವೆಯಲ್ಲೂ ಓಡಿದೆ. ಉದ್ದ ಎರಡೂವರೆ ಮೀಟರಿಗೆ ಸ್ವಲ್ಪ ಹೆಚ್ಚು, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್. "ಎಲ್ಲಿ ಬೇಕಾದರೂ ನಿಲ್ಲಿಸಬಹುದಿತ್ತು" ಎಂದು ಕೈಯಲ್ಲಿ ಅಳತೆ ತೋರಿಸಿದರು. ಆಮೇಲೆ ನಮ್ಮ ಕಾರಿನ ಬಾಗಿಲು ತಟ್ಟಿ, "ಅದರ ಹಿಡಿಕೆ, ಹಿಡಿಕೆಯಾಗಿತ್ತು" ಎಂದರು. ಪುಟ್ಟಿ ಅದನ್ನು ಇದ್ದ ಹಾಗೇ ಬರೆದುಕೊಂಡಳು.

ಮಗ ಕಾಫಿ ಹಿಡಿದು ಬಂದವನು ಸಂಗತಿ ಕೇಳಿ ಸುಮ್ಮನಾದ. ಹಿಂದೆ ಸಾಲು ಉದ್ದವಿತ್ತು, 60 ಆದದ್ದೇ ಕೇಬಲ್ ಕಿತ್ತು ಹೊರಟೆವು.

ಮುಂದೆ ಹಾರ್ಡಾಂಗರ್‌ವಿದ್ದಾ. ಮರವೇ ಇಲ್ಲದ ಎತ್ತರದ ಬಯಲು, ರಸ್ತೆ 1,200 ಮೀಟರ್ ದಾಟಿ ಹೋಗುತ್ತದೆ. ಗಾಳಿ ಜೋರಾಗಿದ್ದರಿಂದ ಹೌಗಸ್ತೊಲ್ ಎಂಬಲ್ಲಿ ಗೇಟು ಹಾಕಿದ್ದರು. ಹಿಮ ತಳ್ಳುವ ದೊಡ್ಡ ಗಾಡಿ ಬರುವ ತನಕ ಕಾಯಬೇಕು, ಆಮೇಲೆ ಎಲ್ಲರೂ ಅದರ ಬೆನ್ನಿಗೆ ಸಾಲಾಗಿ ಹೋಗಬೇಕು, ತಾಯಿಕೋಳಿಯ ಹಿಂದೆ ಮರಿಗಳ ಹಾಗೆ. ಒಂದೂವರೆ ಗಂಟೆ ಕಾದೆವು. ಬೆಚ್ಚಗಿರಲು ನಾಲ್ಕು ಅಂಕಿ ಬ್ಯಾಟರಿ ಹೋಯಿತು, ಅಷ್ಟೇ. ಅದಕ್ಕೆ ಮಾತ್ರ ನಾನು ಕಾರಿಗೆ ಪೂರ್ತಿ ಅಂಕ ಕೊಡುತ್ತೇನೆ. ಎಂಜಿನ್ನಿನ ಸದ್ದಿಲ್ಲ, ಹೊಗೆ ಇಲ್ಲ, ಹೊರಗೆ ಬೀಸುವ ಹಿಮದ ಸುಯ್ಯೆನ್ನುವ ದನಿ ಮಾತ್ರ. ಆ ನಿಶ್ಶಬ್ದದಲ್ಲಿ ನನ್ನವಳು ಮೊದಲ ಸಲ ಬಾಯಿ ಬಿಟ್ಟಳು. "ಮಗಾ, ಬೇಜಾರು ಮಾಡ್ಕೋಬೇಡ. ಈ ಸೀಟಲ್ಲಿ ಕೂತರೆ ಮೊಣಕಾಲು ಹೊಟ್ಟೆಗೆ ಬರುತ್ತೆ ಕಣೋ."

ಬ್ಯಾಟರಿ ಇರುವುದು ನೆಲದ ಕೆಳಗೆ. ಅದಕ್ಕೆ ಜಾಗ ಕೊಡಲು ನೆಲ ಮೇಲೆ ಬಂದಿದೆ, ಕಾರು ಚಂದ ಕಾಣಲೆಂದು ಛಾವಣಿ ಕೆಳಗಿಳಿದಿದೆ. ನಡುವೆ ಸಿಕ್ಕಿಕೊಂಡಿರುವುದು ಅಜ್ಜಿಯ ಮೊಣಕಾಲು. ಮಗ ಕನ್ನಡಿಯಲ್ಲಿ ಅಮ್ಮನನ್ನು ನೋಡಿದ. "ಒಂದು ವಾರದಿಂದ ಯಾಕಮ್ಮ ಹೇಳಲಿಲ್ಲ?" ಎಂದ. ಅವಳು ಉತ್ತರ ಕೊಡಲಿಲ್ಲ. ಪುಟ್ಟಿಯ ಪೆನ್ಸಿಲ್ಲಿನ ಸದ್ದು ಕೇಳುತ್ತಿತ್ತು.

ಬಯಲು ದಾಟಿ ಇಳಿಜಾರಿಗೆ ಬಂದಾಗ ವೋರಿಂಗ್ಸ್‌ಫೊಸ್ಸೆನ್ ಜಲಪಾತ. 182 ಮೀಟರ್ ಎತ್ತರ, ನಮ್ಮ ಜೋಗಕ್ಕಿಂತ ಎಪ್ಪತ್ತು ಮೀಟರ್ ಕಡಿಮೆ. ಚಳಿಗೆ ಅರ್ಧ ಹೆಪ್ಪುಗಟ್ಟಿ ನೇತಾಡುತ್ತಿತ್ತು. ಶರಾವತಿಯ ನೀರನ್ನು ಲಿಂಗನಮಕ್ಕಿಯಲ್ಲಿ ತಡೆದ ಹಾಗೆ ಇಲ್ಲಿಯೂ ಮೇಲಿನ ನೀರನ್ನು ವಿದ್ಯುತ್ತಿಗೆ ತಿರುಗಿಸಿದ್ದಾರೆ, ಪ್ರವಾಸಿಗರು ಬರುವ ಬೇಸಿಗೆಯಲ್ಲಿ ಇಷ್ಟು ನೀರು ಬಿಡಲೇಬೇಕೆಂದು ನಿಯಮವಿದೆ. ನಾರ್ವೆಯ ವಿದ್ಯುತ್ತಿನಲ್ಲಿ ಬಹುಪಾಲು ಹೀಗೆ ನೀರಿನಿಂದಲೇ ಬರುವುದು. ಅಂದರೆ ನಮ್ಮ ಕಾರು ಓಡುತ್ತಿದ್ದದ್ದು ಇಂಥದೇ ಯಾವುದೋ ಜಲಪಾತದ ಪಾಲಿನಿಂದ. ಜೋಗದ ಪಕ್ಕದ ಊರಿನವನಿಗೆ ಇದು ಸುಮ್ಮನೆ ಕೇಳಿ ಬಿಡುವ ಮಾತಲ್ಲ, ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಅಲ್ಲಿಂದ ಕೆಳಗೆ ಬೆಟ್ಟದ ಹೊಟ್ಟೆಯೊಳಗೆ ಸುರುಳಿ ಸುತ್ತುವ ಸುರಂಗಗಳು. ಬ್ಯಾಟರಿಯ ಅಂಕಿ ಕಡಿಮೆಯಾಗುವ ಬದಲು 38ರಿಂದ 39 ಆಯಿತು! ಇಳಿಯುವಾಗ ಚಕ್ರವೇ ಮೋಟಾರನ್ನು ತಿರುಗಿಸಿ ವಿದ್ಯುತ್ ಹುಟ್ಟಿಸುತ್ತದೆ. ಘಾಟಿ ಇಳಿದಾಗೆಲ್ಲ ಬ್ರೇಕ್ ಕಾದು ವಾಸನೆ ಬರುವುದನ್ನು ಜೀವಮಾನವಿಡೀ ನೋಡಿದವನಿಗೆ ಇದು ಮಾಯಾಜಾಲ. ಕೆಳಗೆ ಹಾರ್ಡಾಂಗರ್ ಸೇತುವೆ. ಕಂಬಗಳ ನಡುವೆಯೇ 1,310 ಮೀಟರ್ ಉದ್ದ. ಅದರ ತುದಿಯ ಸುರಂಗದೊಳಗೆ ನೀಲಿ ದೀಪದ ವೃತ್ತ, ಬೆಟ್ಟದೊಳಗೊಂದು ಸರ್ಕಲ್! ಪುಟ್ಟಿಯ ಒತ್ತಾಯಕ್ಕೆ ಮಗ ಅದನ್ನು ಎರಡು ಸುತ್ತು ಹಾಕಿದ.

ಬರ್ಗೆನ್‌ನಲ್ಲಿ ಮಳೆ. ಆ ಊರಿನ ಪದ್ಧತಿಯೇ ಅದು. ರಾತ್ರಿ ಕೋಣೆಯಲ್ಲಿ ಮಗ ಪ್ರಶ್ನೆಪತ್ರಿಕೆ ತೆರೆದ. ವೇಗ ಎಷ್ಟು ಹೆಚ್ಚಿಸಬೇಕು, ಪರದೆ ಇನ್ನೂ ದೊಡ್ಡದಾಗಬೇಕೇ, ಹಾಡಿನ ಪೆಟ್ಟಿಗೆಗಳು ಎಷ್ಟಿರಬೇಕು, ಇಂಥವಕ್ಕೆಲ್ಲ ಚೌಕಗಳಿದ್ದವು. ಮೊಣಕಾಲಿಗೆ ಚೌಕವಿರಲಿಲ್ಲ. ಕೊನೆಯಲ್ಲಿ 'ಇತರೆ' ಎಂದು ಚಿಕ್ಕ ಜಾಗ, 200 ಅಕ್ಷರ ಮಾತ್ರ. ಪುಟ್ಟಿಯ ಪಟ್ಟಿ ಮೂರು ಪುಟ. ಒಂದೊಂದೇ ಹೊಡೆದು ಹಾಕುತ್ತ ಹೋದೆವು. ನಾಯಿ ಹೋಯಿತು, ಸ್ಟೆಪ್ನಿ ಹೋಯಿತು, ನನ್ನ ತಿರುಗಣಿಯೂ ಹೋಯಿತು. ಉಳಿದದ್ದು ಎರಡು: ಮಂಜಿನಲ್ಲೂ ಕೈಗೆ ಸಿಗುವ ಹಿಡಿಕೆ, ಅಜ್ಜಿ ಇಳಿಯಬಲ್ಲ ಸೀಟು. ಮಗ ಅದನ್ನು ನಾರ್ವೆ ಭಾಷೆಯಲ್ಲಿ ಬರೆದು ಕಳಿಸಿದ.

ಮೂರನೆಯ ದಿನ ವಾಪಸು ಹೊರಡುವಾಗ ನನ್ನವಳು, ಸೊಸೆ, ಪುಟ್ಟಿ ರೈಲಿಗೆ ಹೋದರು. ಟಿಕೆಟ್ ತೆಗೆಸಿದವನು ಮಗನೇ, ನಾವು ಯಾರೂ ಹೇಳಿರಲಿಲ್ಲ. ನಾವಿಬ್ಬರು ಕಾರಿನಲ್ಲಿ ಬಂದೆವು. ದಾರಿಯಲ್ಲಿ ಅವನು ಡಿಪೋದ ದಿನಗಳ ಬಗ್ಗೆ ಕೇಳಿದ, ಚಿಕ್ಕವನಿದ್ದಾಗ ಎಂದೂ ಕೇಳದಿದ್ದವನು.

ಮಧ್ಯಾಹ್ನ ಪುಟ್ಟಿಯಿಂದ ಫೋಟೋ ಬಂತು. ಕಿಟಕಿಯಾಚೆ 1,222 ಮೀಟರ್ ಎತ್ತರದ ಫಿನ್ಸೆ ನಿಲ್ದಾಣ, ಈಚೆ ಕಾಲು ಚಾಚಿ ನಿದ್ದೆ ಹೋಗಿರುವ ಅಜ್ಜಿ. ಕೆಳಗೆ ಒಂದು ಸಾಲು: "ಅಜ್ಜ, ರೈಲಿನ ಬಾಗಿಲಿಗೆ ದೊಡ್ಡ ಬಟನ್ ಇದೆ, ಅಜ್ಜಿನೇ ಒತ್ತಿದ್ಲು." ನಮ್ಮ ಕಾರು ಆಗ ಯೈಲೊದಲ್ಲಿ, ಸಾಲಿನಲ್ಲಿ ಮೂರನೆಯದಾಗಿ ನಿಂತಿತ್ತು.