ಒಂದ ಬಾಣಲಿ, ಚಿಕನ್ ಪಾಸ್ತಾ ಮತ್ತು ನಮ್ಮಪ್ಪ

ಅವ್ವ ತಂಗಿಯ ಬಾಣಂತನಕ್ಕೆ ಅಂತ ಪುಣೆಗೆ ಹೋಗಿ ಆಗಲೇ ಒಂದೂವರೆ ತಿಂಗಳು. ಶಿರಹಟ್ಟಿಯಲ್ಲಿ ಅಪ್ಪ ಒಬ್ಬನೇ. ಫೋನ್ ಮಾಡಿದಾಗೆಲ್ಲ "ಊಟ ಆತು, ಚೊಲೋ ಆತು" ಅನ್ನೋದು ಬಿಟ್ಟರೆ ಬೇರೆ ಮಾತಿಲ್ಲ. ಅನುಮಾನ ಬಂದು ಕಳೆದ ಶನಿವಾರ ಹೇಳದೇ ಕೇಳದೇ ಊರಿಗೆ ಹೋದೆ.

ಅಡಿಗೆಮನೆಯಲ್ಲಿ ಇದ್ದದ್ದು ಖಾನಾವಳಿಯಿಂದ ತಂದ ಕಟಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ, ನಾಲ್ಕು ಬಾಳೆಹಣ್ಣು. ಅಷ್ಟೇ. ಅಪ್ಪ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹಾಕಿಕೊಂಡಿದ್ದ. ಅದನ್ನು ನೋಡಿ ಹೊಟ್ಟೆಯಲ್ಲಿ ಒಂಥರಾ ಆಯ್ತು...

ಬೈದೆ. "ಅಡಿಗಿ ಮಾಡೂದು ತ್ರಾಸಿಲ್ಲೋ ತಮ್ಮಾ, ಭಾಂಡೆ ತಿಕ್ಕೂದು ತ್ರಾಸು" ಅಂದ.

ಸರಿ, ಒಂದೇ ಭಾಂಡೆಯಲ್ಲಿ ಮುಗಿಯುವ ಅಡಿಗೆ ಅಂದರೆ ನನಗೆ ಬರೋದು ಒಂದೇ. ಬೆಂಗಳೂರಿನ ನನ್ನ ರೂಮಿನ ರಾತ್ರಿಗಳನ್ನು ಕಾಪಾಡಿದ ಚಿಕನ್ ಪಾಸ್ತಾ. ಅರ್ಧ ಕೇಜಿಯ ಪ್ಯಾಕೆಟ್ ಬ್ಯಾಗಿನಲ್ಲೇ ಇತ್ತು. ಎಲುಬಿಲ್ಲದ ಕೋಳಿ ಕಾಲು ಕೇಜಿ ಅಪ್ಪನೇ ಹೋಗಿ ತಂದ.

ದಪ್ಪ ತಳದ ಬಾಣಲಿಯಲ್ಲಿ ಎರಡು ಚಮಚ ಎಣ್ಣೆ. ಉಪ್ಪು, ಮೆಣಸಿನಪುಡಿ ಸವರಿದ ಕೋಳಿ ತುಂಡು ಬಣ್ಣ ತಿರುಗಿದ ಮೇಲೆ ಈರುಳ್ಳಿ, ಐದಾರು ಎಸಳು ಬೆಳ್ಳುಳ್ಳಿ. ಆಮೇಲೆ 200 ಗ್ರಾಂ ಹಸಿ ಪಾಸ್ತಾ, 600 ಮಿಲಿ ನೀರು. ಮುಚ್ಚಿ, ನಡುನಡುವೆ ಕೈಯಾಡಿಸುತ್ತ ಹನ್ನೆರಡು ನಿಮಿಷ. ನೀರು ಬಸಿಯೋ ಹಾಗಿಲ್ಲ! ಎಲ್ಲರೂ ತಪ್ಪೋದು ಇಲ್ಲೇ. ಪಾಸ್ತಾ ಬಿಟ್ಟ ಗಂಜಿಯೇ ಸಾರನ್ನು ಗಟ್ಟಿ ಮಾಡೋದು, ಅದನ್ನು ಚೆಲ್ಲಿ ಆಮೇಲೆ ಮೈದಾ ಕಲಸೋದು ಯಾವ ಬುದ್ಧಿ?

ಕ್ರೀಮ್ ಇರಲಿಲ್ಲ. ಎಮ್ಮೆ ಹಾಲಿನ ಎರಡು ದಿನದ ಕೆನೆ ಇತ್ತು. ಅದಕ್ಕೆ ಎರಡು ಚಮಚ ಬಿಸಿ ಗಂಜಿ ಹಾಕಿ ಕದಡಿ, ಗ್ಯಾಸ್ ಆರಿಸಿದ ಮೇಲೆ ಬೆರೆಸಿದೆ. ಕುದಿಯುವಾಗ ಹಾಕಿದರೆ ಒಡೆಯುತ್ತೆ. (ಪ್ಯಾಕೆಟ್ ಕ್ರೀಮಿಗಿಂತ ಇದೇ ರುಚಿ, ಆಣೆ ಮಾಡಿ ಹೇಳ್ತೀನಿ.)

ಅಪ್ಪ ಒಂದು ತುತ್ತು ತಿಂದು, ಪಾಸ್ತಾವನ್ನು ಬೆಳಕಿಗೆ ಹಿಡಿದು ನೋಡಿದ. "ಇದು ನಮ್ಮ ಶಾವಿಗೀನ ಅಲ್ಲೇನ? ನಡು ತೂತ ಐತಿ ಅಷ್ಟ."

ನಕ್ಕೆ. ಆದರೆ ಅಪ್ಪ ಹೇಳಿದ್ದು ತಪ್ಪೇನಲ್ಲ. ಪಾಸ್ತಾ ಮಾಡೋದು ಡ್ಯೂರಮ್ ಗೋಧಿಯ ರವೆಯಿಂದ. ನಮ್ಮ ಕಡೆ ಶಾವಿಗೆಗೆ ಹೆಸರಾದದ್ದು ಜವೆ ಗೋಧಿ, ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಡಿಡಿಕೆ-1025, ಡಿಡಿಕೆ-1029 ಅಂತ ತಳಿ ಮಾಡಿದ್ದು ಇದರಲ್ಲೇ. ಗೋಧಿಯ ಸಂಸಾರದಲ್ಲಿ ಇವೆರಡೂ ಹತ್ತಿರದ ಅಣ್ಣತಮ್ಮಂದಿರು. ಚಪಾತಿ ಗೋಧಿಯೇ ಸ್ವಲ್ಪ ದೂರದ ನೆಂಟ.

ಎರಡು ಸಲ ಹಾಕಿಸಿಕೊಂಡು ತಿಂದ. ಬಾಣಲಿ ತಿಕ್ಕಿದ್ದೂ ಅವನೇ. ಭಾನುವಾರ ನಾನು ಪಕ್ಕದಲ್ಲಿ ನಿಂತು, ಅವನ ಕೈಯಲ್ಲೇ ಮಾಡಿಸಿದೆ.

ಗುರುವಾರ ರಾತ್ರಿ ಅವನೇ ಫೋನ್ ಮಾಡಿದ. "ಪಾಸ್ತಾ ತೀರತು. ಅವ್ವನ ಡಬ್ಬ್ಯಾಗಿನ ಶಾವಿಗಿ ಹಾಕಿದೆ. ಎಲ್ಲಾ ಮುದ್ದಿ ಆತು ನೋಡು."

"ನೀರೆಷ್ಟು ಹಾಕಿದಿ?"

"ನೀ ಹೇಳಿದಷ್ಟ!"

ಎಳೆ ಶಾವಿಗೆಗೆ ಅಷ್ಟು ನೀರು, ಹನ್ನೆರಡು ನಿಮಿಷ... ಮುದ್ದೆಯಾಗದೆ ಇನ್ನೇನು. ಇಡೋ ಮುಂಚೆ ದನಿ ತಗ್ಗಿಸಿ, "ಅವ್ವಗ ಹೇಳಬ್ಯಾಡ, ಆ ಶಾವಿಗಿ ಹಬ್ಬಕ್ಕಂತ ಇಟ್ಟಾಳ" ಅಂದ.

ಜವೆ ಗೋಧಿ ಶಾವಿಗೆಗೆ ನೀರಿನ ಅಳತೆ ಸರಿಯಾಗಿ ಗೊತ್ತಿದ್ದವರು ದಯವಿಟ್ಟು ಬೇಗ ಹೇಳಿ. ಅವ್ವ ಬರೋಕೆ ಇನ್ನೂ ಒಂದು ತಿಂಗಳಿದೆ, ಡಬ್ಬಿಯಲ್ಲಿ ಇನ್ನೂ ಅರ್ಧ ಉಳಿದಿದೆಯಂತೆ :)