ಕೊನೆಯ ಏಕವಚನ

ಕನ್ನಡದಲ್ಲಿ ಒಬ್ಬರನ್ನು ‘ನೀನು’ ಎನ್ನಬಲ್ಲವರ ಸಂಖ್ಯೆ ಅವರ ವಯಸ್ಸು ಏರಿದಂತೆಲ್ಲ ಇಳಿಯುತ್ತ ಹೋಗುತ್ತದೆ. ತಂದೆತಾಯಿ, ಸೋದರಮಾವ, ಅಣ್ಣ, ಅಕ್ಕ ಒಬ್ಬೊಬ್ಬರಾಗಿ ತೀರಿಕೊಂಡು, ಅಳಿಯ, ಸೊಸೆ, ಡಾಕ್ಟರು, ಬ್ಯಾಂಕಿನ ಗುಮಾಸ್ತರೆಲ್ಲ ‘ನೀವು’ ಎಂದೇ ಮಾತಾಡಿಸುವ ಎಂಬತ್ತರ ಗಡಿಯಲ್ಲಿ, ‘ಏನೋ, ಇನ್ನೂ ಇದ್ದೀಯೇನೋ?’ ಎಂದು ಕೇಳುವ ಸಲುಗೆ ಕಾಲೇಜಿನ ಸಹಪಾಠಿಗಳಿಗಷ್ಟೇ ಉಳಿದಿರುತ್ತದೆ. ಇಂಥ ಗೆಳೆತನವನ್ನು ಹಳೆಯ ದಿನಗಳ ಹಂಬಲವೆಂದು ವಿವರಿಸುವುದು ವಾಡಿಕೆಯಾದರೂ ಅದರ ನಿಜವಾದ ಬಂಡವಾಳ ಈ ಏಕವಚನವೇ.

ಆ ಸಲುಗೆ ಆಯ್ಕೆಯಿಂದ ಬಂದದ್ದೂ ಅಲ್ಲ. ಮೈಸೂರಿನ ಯುವರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು, ಧಾರವಾಡದ ಕರ್ನಾಟಕ ಕಾಲೇಜುಗಳಲ್ಲಿ 1960ರ ದಶಕದಲ್ಲಿ ಬಿ.ಎಸ್‌ಸಿ. ಓದಿದವರನ್ನು ಜೋಡಿಸಿದ್ದು ಬಹುಮಟ್ಟಿಗೆ ಹಾಜರಿ ಪುಸ್ತಕ, ಅಂದರೆ ಪಾಠಕ್ಕೆ ಮುನ್ನ ಅಧ್ಯಾಪಕರು ಕೂಗುತ್ತಿದ್ದ ಹೆಸರುಗಳ ಪಟ್ಟಿ. ಅದರಲ್ಲಿ ರಾಮರಾಯನ ಕೆಳಗೆ ರಾಮಸ್ವಾಮಿ ಬಂದದ್ದರಿಂದ ಪ್ರಯೋಗಾಲಯದಲ್ಲೂ ಇಬ್ಬರೂ ಒಂದೇ ಮೇಜಿಗೆ ಬಿದ್ದರು. ದ್ರಾವಣವನ್ನು ಅಳೆದು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆಯಾದ ಬ್ಯೂರೆಟ್ಟಿನ ತಿರುಪನ್ನು ಒಬ್ಬ ಹಿಡಿದರೆ, ಬಣ್ಣ ತಿರುಗುವ ಕ್ಷಣವನ್ನು ಇನ್ನೊಬ್ಬ ಕಾಯಬೇಕಿತ್ತು. ಹನಿ ಹೆಚ್ಚಾದರೆ ಬೈಗುಳ ಇಬ್ಬರಿಗೂ.

ಪದವಿಯ ಬಳಿಕ ಕೆಲವರು ಊರಿನ ಹೈಸ್ಕೂಲಿಗೆ, ಕೆಲವರು ಬ್ಯಾಂಕು, ಎಲ್‌ಐಸಿಗೆ, ಅಮೆರಿಕದ 1965ರ ವಲಸೆ ಕಾನೂನು ಬಾಗಿಲು ತೆರೆದ ಮೇಲೆ ಇನ್ನು ಕೆಲವರು ಅಲ್ಲಿಗೆ ಚದುರಿದರು. ಮೊದಮೊದಲು ನೀಲಿ ಇನ್‌ಲ್ಯಾಂಡ್ ಪತ್ರಗಳು ಓಡಾಡಿದವು. ಜಾಗ ಮುಗಿದಾಗ ಕೊನೆಯ ಸಾಲು ಅಂಚಿನಲ್ಲಿ ಅಡ್ಡಡ್ಡ ಹತ್ತುತ್ತಿತ್ತು. ಆಮೇಲೆ ವರ್ಗಾವಣೆ, ಮನೆಸಾಲ, ಮಕ್ಕಳ ಓದಿನ ನಡುವೆ ಇಪ್ಪತ್ತೈದು ವರ್ಷಗಳ ಮೌನ.

ಆ ಮೌನದ ಬಳಿಕ ಒಬ್ಬರನ್ನೊಬ್ಬರು ಹುಡುಕಲು ಹೊರಟಾಗ ಹೆಣ್ಣುಮಕ್ಕಳ ಪಾಡು ಇನ್ನೂ ಬೇರೆ. ಮದುವೆಯೊಡನೆ ಹೆಸರಿನ ಇನಿಷಿಯಲ್ಲೂ ವಿಳಾಸವೂ ಬದಲಾದ್ದರಿಂದ ಅವರನ್ನು ಹುಡುಕುವುದಕ್ಕೆ ತವರುಮನೆಯೊಂದೇ ದಾರಿ, ಆ ಮನೆ ಮಾರಾಟವಾದರೆ ಅದೂ ಇಲ್ಲ. ಮತ್ತೆ ಸಿಕ್ಕ ಗೆಳತಿಯರು ಮೊದಲ ಫೋನಿನಲ್ಲೇ ‘ಕಣೇ’ ಎನ್ನುತ್ತಾರೆ. ಆದರೆ ಅದೇ ತರಗತಿಯ ಗಂಡಸರಿಗೂ ಅವರಿಗೂ ನಡುವಿನ ‘ನೀವು’ ಎಂಬತ್ತರಲ್ಲೂ ಕದಲುವುದಿಲ್ಲ.

ಪಿಂಚಣಿದಾರರು ತಾವು ಬದುಕಿದ್ದೇವೆಂದು ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಕೊಡುವ ದಾಖಲೆಗೆ ಜೀವಿತ ಪ್ರಮಾಣಪತ್ರವೆಂದು ಹೆಸರು. 2014ರಿಂದ ಅದಕ್ಕೆ ಬೆರಳಚ್ಚು ಸಾಕು, ಸವೆದ ಬೆರಳನ್ನು ಯಂತ್ರ ಒಪ್ಪಿದರೆ. ಸಹಪಾಠಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದೇ ಕೆಲಸವನ್ನು ಬೆಳಗಿನ ‘ಶುಭೋದಯ’ ನಿತ್ಯವೂ ಮಾಡುತ್ತದೆ. ಮೊಮ್ಮಕ್ಕಳು ನಗುವ ಆ ಗುಲಾಬಿ ಹೂವಿನ ಚಿತ್ರದಲ್ಲಿ ಯಾರೂ ಹೂವನ್ನು ನೋಡುವುದಿಲ್ಲ, ಕಳಿಸಿದವರ ಹೆಸರನ್ನು ನೋಡುತ್ತಾರೆ. ಒಂಬತ್ತಾದರೂ ಒಂದು ಹೆಸರು ಕಾಣದಿದ್ದರೆ ಯಾರಾದರೂ ಫೋನು ಮಾಡುತ್ತಾರೆ. ಸತ್ತವರ ಫೋನ್ ನಂಬರನ್ನು ಗುಂಪಿನಿಂದ ತೆಗೆಯಲು ಸಾಮಾನ್ಯವಾಗಿ ಯಾರಿಗೂ ಕೈ ಬರುವುದಿಲ್ಲ. 120 ದಿನ ಬಳಕೆಯಾಗದ ಖಾತೆಯನ್ನು ಕಂಪನಿಯೇ ಅಳಿಸುತ್ತದೆ.