ನಲವತ್ತೆಂಟನೆಯ ವಯಸ್ಸಿನಲ್ಲಿ ಡಿಪ್ಲೊಮಾ

ನಾನು ಕೆಲಸಮಾಡುವ ಕಾಲೇಜಿನ ಗ್ರಂಥಾಲಯದಲ್ಲಿ ತೇಗದ ಮರದ ಒಂದು ಬೀರುವಿದೆ. ಅದರಲ್ಲಿ ಇಪ್ಪತ್ತನಾಲ್ಕು ಪುಟ್ಟ ಖಾನೆಗಳು. ಪ್ರತಿಯೊಂದು ಖಾನೆಯಲ್ಲಿಯೂ ಐದಂಗುಲ ಉದ್ದ, ಮೂರಂಗುಲ ಅಗಲದ ಕಾರ್ಡುಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಯಾರೂ ಕಿತ್ತುಕೊಳ್ಳದಂತೆ ಅವುಗಳ ಬುಡದ ರಂಧ್ರಗಳಲ್ಲಿ ಹಿತ್ತಾಳೆಯ ಸಲಾಕೆಯೊಂದನ್ನು ತೂರಿಸಿದೆ. ಸುಮಾರು ಎಂಟು ಸಾವಿರ ಪುಸ್ತಕಗಳು. ಪುಸ್ತಕವೊಂದಕ್ಕೆ ಗ್ರಂಥಕರ್ತನ ಹೆಸರಿನಲ್ಲಿ ಒಂದು, ಗ್ರಂಥದ ಹೆಸರಿನಲ್ಲಿ ಒಂದು, ವಿಷಯದ ಹೆಸರಿನಲ್ಲಿ ಒಂದು, ಹೀಗೆ ಮೂರು ಕಾರ್ಡುಗಳು. ಇವುಗಳಲ್ಲಿ ಬಹುಪಾಲನ್ನು ನನ್ನ ಹಿಂದಿನ ಗ್ರಂಥಪಾಲಕರಾದ ರಾಯರು ಮೂವತ್ತು ವರ್ಷಗಳ ಕಾಲ ಮುತ್ತು ಪೋಣಿಸಿದಂತಹ ಅಕ್ಷರಗಳಲ್ಲಿ ಬರೆದಿಟ್ಟರು. ಉಳಿದುದನ್ನು ನಾನು ಬರೆದೆನು. ನನ್ನ ಅಕ್ಷರದ ವಿಚಾರವನ್ನು ಇಲ್ಲಿ ಹೇಳದಿರುವುದೇ ಲೇಸು.

2014ನೆಯ ಇಸವಿಯಲ್ಲಿ ಆಡಳಿತ ಮಂಡಲಿಯವರು ಗ್ರಂಥಾಲಯವನ್ನು ಗಣಕಯಂತ್ರಕ್ಕೆ ಏರಿಸಬೇಕೆಂದು ನಿಶ್ಚಯಿಸಿದರು. ಪುಸ್ತಕಕ್ಕೆ ಇಷ್ಟು ರೂಪಾಯಿಯೆಂದು ಗುತ್ತಿಗೆ ಹಿಡಿದು, ಹೆಸರುಗಳನ್ನೆಲ್ಲ ಯಂತ್ರಕ್ಕೆ ಬೆರಳಚ್ಚು ಮಾಡಿಕೊಡುವವರು ಮುಂದೆ ಬಂದರು. ಮೊದಲನೆಯ ಇನ್ನೂರು ಪುಸ್ತಕಗಳನ್ನು ಮಾದರಿಗೆಂದು ಮಾಡಿಕೊಟ್ಟರು. ನಾನು ಕುತೂಹಲದಿಂದ ಬೇಂದ್ರೆಯವರ ಹೆಸರನ್ನು ಹುಡುಕಿಸಿದೆನು. ಕಪಾಟಿನಲ್ಲಿ ಒಂಬತ್ತು ಪುಸ್ತಕಗಳಿರುವಾಗ ಯಂತ್ರವು ನಾಲ್ಕನ್ನು ಮಾತ್ರ ತೋರಿಸಿತು. 'ಬೇಂದ್ರೆ, ದ. ರಾ.' ಒಬ್ಬರು, 'ದ.ರಾ.ಬೇಂದ್ರೆ' ಇನ್ನೊಬ್ಬರು, 'ಅಂಬಿಕಾತನಯದತ್ತ' ಮೂರನೆಯವರು. ಯಂತ್ರದ ಪಾಲಿಗೆ ಮೂವರೂ ಪರಸ್ಪರ ಅಪರಿಚಿತರು! ನಮ್ಮ ನಾಡಿನ ಲೇಖಕರಿಗೆ ಕಾವ್ಯನಾಮಗಳು ಕಡಮೆಯೇ? ಮಾಸ್ತಿಯವರು 'ಶ್ರೀನಿವಾಸ'ರು, ಪುಟ್ಟಪ್ಪನವರು 'ಕುವೆಂಪು', ಅನಸೂಯಾ ಶಂಕರರು 'ತ್ರಿವೇಣಿ'. ರಾಯರ ಬೀರುವಿನಲ್ಲಾದರೋ ಅಂಬಿಕಾತನಯದತ್ತನ ಕಾರ್ಡಿನ ಮೇಲೆ 'ಬೇಂದ್ರೆ, ದ. ರಾ. ಎಂಬಲ್ಲಿ ನೋಡಿ' ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು.

ಈ ದೋಷವನ್ನು ನಾನು ತೋರಿಸಿದಾಗ, ಸಭೆಯಲ್ಲಿದ್ದ ಒಬ್ಬರು ಬಹಳ ಸೌಮ್ಯವಾಗಿಯೇ, "ತಮಗೆ ಯಂತ್ರದ ಪರಿಚಯವಿಲ್ಲವಲ್ಲ, ಅಮ್ಮಾ" ಎಂದರು. ಪುಸ್ತಕ ಕೊಡುವ ಮೇಜನ್ನು ನನಗೆ ಬಿಟ್ಟು, ಮಿಕ್ಕುದಕ್ಕೆ ತರುಣರೊಬ್ಬರನ್ನು ನೇಮಿಸುವ ಮಾತೂ ನಡೆಯಿತು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆದುದರಿಂದಲೇ ಅದು ನನ್ನನ್ನು ಅಷ್ಟು ನೋಯಿಸಿತು. ಗ್ರಂಥಾಲಯಶಾಸ್ತ್ರದ ಪದವಿಯನ್ನು ನಾನು 1988ರಲ್ಲಿ ಪಡೆದವಳು. ಆಗ ನಾವು ಯಂತ್ರವನ್ನು ಕಣ್ಣಿನಿಂದ ಕಂಡದ್ದೂ ಇಲ್ಲ.

ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು 1985ರಲ್ಲಿ ಪಾರ್ಲಿಮೆಂಟಿನ ಕಾನೂನಿನಿಂದ ಹುಟ್ಟಿದ ಸಂಸ್ಥೆ. ಮನೆಯಲ್ಲಿದ್ದುಕೊಂಡೇ ಓದುವ ಪದವೀಧರರಿಗೆ ಅದು ನಡೆಸುವ ಸ್ನಾತಕೋತ್ತರ ಡಿಪ್ಲೊಮಾಗಳಲ್ಲಿ ಗ್ರಂಥಾಲಯದ ಯಂತ್ರೀಕರಣವೂ ಒಂದು. ಒಂದು ವರ್ಷದ ವ್ಯಾಸಂಗ. ಮನೆಯಲ್ಲಿ ಬರೆದು ಒಪ್ಪಿಸುವ ಉತ್ತರಗಳಿಗೆ ನೂರಕ್ಕೆ 30, ಪರೀಕ್ಷೆಗೆ 70. ಒಂದು 'ಕ್ರೆಡಿಟ್ಟಿ'ಗೆ 30 ಗಂಟೆಗಳ ಓದು ಬೇಕೆಂದು ಅವರ ಲೆಕ್ಕ. ಎಲ್ಲವನ್ನೂ ಕೂಡಿದರೆ ಸುಮಾರು ಸಾವಿರ ಗಂಟೆಗಳಾದುವು. ಸಂಸಾರವಂದಿಗಳಾದ ವಾಚಕರನ್ನು ಕೇಳುತ್ತೇನೆ: ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೆ ಮಲಗುವ ಹೆಂಗಸು ಈ ಸಾವಿರ ಗಂಟೆಗಳನ್ನು ಯಾವ ಡಬ್ಬಿಯಿಂದ ತೆಗೆಯಬೇಕು?

ನನಗೆ ಧೈರ್ಯವಿತ್ತದ್ದು ರಂಗನಾಥನ್‌ರವರ ಜೀವನವೃತ್ತಾಂತ. ಭಾರತದ ಗ್ರಂಥಾಲಯಶಾಸ್ತ್ರಕ್ಕೆ ತಂದೆಯೆನಿಸಿದ ಈ ಮಹನೀಯರು ಮೂಲತಃ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಉಪಾಧ್ಯಾಯರು. 1924ರಲ್ಲಿ, ತಮ್ಮ ಮೂವತ್ತೊಂದನೆಯ ವಯಸ್ಸಿನಲ್ಲಿ, ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ ಹೋದವರು, ಅಲ್ಲಿಯ ನಿಶ್ಶಬ್ದಕ್ಕೆ ಬೇಸತ್ತು, ಪುನಃ ಪಾಠ ಹೇಳುವ ಕೆಲಸಕ್ಕೇ ಕಳುಹಿಸಿರೆಂದು ಬೇಡಿಕೊಂಡರಂತೆ. ಬಳಿಕ ಲಂಡನ್ನಿಗೆ ಹೋಗಿ ಹೊಸದಾಗಿ ವಿದ್ಯಾರ್ಥಿಯಾಗಿ ಕುಳಿತರು. ಪದವೀಧರರಿಗಾಗಿ ಒಂದು ವರ್ಷದ ಗ್ರಂಥಾಲಯ ಡಿಪ್ಲೊಮಾ ಮದರಾಸಿನಲ್ಲಿ 1937ರಲ್ಲಿ ಆರಂಭವಾದುದು ಅವರ ಶ್ರಮದಿಂದಲೇ. ಕಡೆಯ ವರ್ಷಗಳನ್ನು ಅವರು ಕಳೆದುದು ನಮ್ಮ ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ಶಿಕ್ಷಣಕೇಂದ್ರವೊಂದನ್ನು ಸ್ಥಾಪಿಸಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು.

ಮೂವತ್ತೊಂದಕ್ಕೂ ನಲವತ್ತೆಂಟಕ್ಕೂ ಅಂತರವುಂಟೆಂಬುದು ಪುಸ್ತಕಗಳ ಕಟ್ಟು ಅಂಚೆಯಲ್ಲಿ ಬಂದ ಮೇಲೆ ತಿಳಿಯಿತು. ಪಾಠಗಳೆಲ್ಲ ಇಂಗ್ಲಿಷಿನವು. ಒಂದು ಪುಟ ಮುಗಿಯುವುದರೊಳಗೆ ಹಿಂದಿನ ಪುಟ ಮರೆತುಹೋಗುತ್ತಿತ್ತು. ಆ ವರ್ಷ ನನ್ನ ಮಗಳೂ ಕಾಲೇಜಿನ ಪರೀಕ್ಷೆಗೆ ಓದುತ್ತಿದ್ದಳು. ಒಂದೇ ಮೇಜಿನ ಈ ಕಡೆ ನಾನು, ಆ ಕಡೆ ಅವಳು. ನಮ್ಮ ಅತ್ತೆಯವರು ಬಾಗಿಲಲ್ಲಿ ನಿಂತು, "ಓದುವ ವಯಸ್ಸು ಅವಳದು, ಓದಿಸುವ ವಯಸ್ಸು ನಿನ್ನದು, ಈ ಮನೆಯಲ್ಲಿ ಅಮ್ಮನಾರು, ಮಗಳಾರು?" ಎಂದು ಕೇಳಿದರು. ಆದರೆ ಮರುದಿನದಿಂದ ಸಂಜೆಯ ಹುಳಿಗೆ ತರಕಾರಿಯನ್ನು ಅವರೇ ಹೆಚ್ಚಿಡತೊಡಗಿದರು. ಅದನ್ನು ಕುರಿತು ಅವರೂ ಆಡಲಿಲ್ಲ, ನಾನೂ ಆಡಲಿಲ್ಲ. ಸಾವಿರ ಗಂಟೆಗಳಲ್ಲಿ ಇನ್ನೂರಾದರೂ ಅವರ ಈಳಿಗೆಮಣೆಯಿಂದ ಬಂದುವು.

ಮೊದಲನೆಯ ಸಲ ಒಂದು ಪತ್ರಿಕೆಯಲ್ಲಿ ನಪಾಸಾದೆನು. ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಜಾಲಗಳಲ್ಲಿ ನಕ್ಷತ್ರ, ಉಂಗುರ, ಬಸ್ಸು ಎಂಬ ಬಗೆಗಳುಂಟು. ಉಂಗುರದ ಚಿತ್ರಕ್ಕೆ ಬಸ್ಸಿನ ವಿವರಣೆಯನ್ನು ಬರೆದು ಬಂದಿದ್ದೆನು. ಎರಡು ದಿನ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮಗಳು ಹೇಗೋ ಫಲಿತಾಂಶವನ್ನು ನೋಡಿಬಿಟ್ಟಳು. "ಅಮ್ಮಾ, ನಾನು ನಪಾಸಾಗಿದ್ದರೆ ನೀನು ಏನು ಹೇಳುತ್ತಿದ್ದೆ?" ಎಂದಳು. ಏನು ಹೇಳುತ್ತಿದ್ದೆನೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು, ನಾಚಿಕೆಯಾಯಿತು.

ಆದರೆ ಓದಿನಲ್ಲಿ ಒಂದು ಭಾಗ ಮಾತ್ರ ನನಗೆ ಕಥೆಯಂತೆ ರುಚಿಸಿತು. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಹೆನ್ರಿಯೆಟ್ ಆವ್ರಮ್ ಎಂಬ ಮಹಿಳೆ ಪುಸ್ತಕದ ವಿವರಗಳನ್ನು ಯಂತ್ರವು ಓದುವಂತೆ ಬರೆಯುವ 'ಮಾರ್ಕ್' ಎಂಬ ಕ್ರಮವನ್ನು ರೂಪಿಸಿದರು. ಅದರಲ್ಲಿ ಒಂದೊಂದು ಸಂಗತಿಗೂ ಒಂದೊಂದು ಅಂಕೆ. 100ರಲ್ಲಿ ಗ್ರಂಥಕರ್ತ, 245ರಲ್ಲಿ ಗ್ರಂಥದ ಹೆಸರು, 650ರಲ್ಲಿ ವಿಷಯ. ಹೆಸರುಗಳಿಗೇ ಬೇರೆ ಕಡತವಿದ್ದು, ಅಲ್ಲಿಯ 400ನೆಯ ಅಂಕೆಯ ಮುಂದೆ 'ಅಂಬಿಕಾತನಯದತ್ತ' ಎಂದು ಒಮ್ಮೆ ಬರೆದರೆ ಸಾಕು, ಯಂತ್ರವು ಬೇಂದ್ರೆಯವರ ಬಳಿಗೆ ದಾರಿ ತೋರಿಸುತ್ತದೆ. ರಾಯರ ಕೆಂಪು ಶಾಯಿ ಇಲ್ಲಿಯೂ ಇತ್ತು! ಇನ್ನು 500ನೆಯ ಅಂಕೆ: ಅದು ಟಿಪ್ಪಣಿಗಳಿಗೆ.

ಈ ಕಡೆಯದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಏಕೆಂದರೆ ರಾಯರು ಕಾರ್ಡುಗಳ ಬೆನ್ನಿನ ಮೇಲೆ ಸೀಸದ ಕಡ್ಡಿಯಿಂದ ಸಣ್ಣದಾಗಿ ಬರೆದಿಡುತ್ತಿದ್ದರು: 'ಈ ಪ್ರತಿಯಲ್ಲಿ ನಕ್ಷೆಯಿಲ್ಲ', 'ಇದನ್ನು ಕೇಳಿದವರಿಗೆ ಎರಡನೆಯ ಮುದ್ರಣವನ್ನು ಕೊಡುವುದು, ಪೀಠಿಕೆ ಅದರಲ್ಲಿದೆ', 'ಲೇಖಕರ ಹಸ್ತಾಕ್ಷರವಿದೆ, ಹೊರಗೆ ಕೊಡಬಾರದು.' ಗುತ್ತಿಗೆಯವರು ಕಾರ್ಡಿನ ಮುಖವನ್ನು ಮಾತ್ರ ನೋಡಿ ಬೆರಳಚ್ಚು ಮಾಡುತ್ತಿದ್ದರು. ಅವರ ಕೆಲಸ ಮುಗಿದೊಡನೆ ಬೀರುವನ್ನು ರದ್ದಿಯವನಿಗೆ ಕೊಡುವುದೆಂದು ತೀರ್ಮಾನವಾಗಿತ್ತು.

ಮರುದಿನ ಆಡಳಿತ ಮಂಡಲಿಗೆ ಬರೆದೆನು. 'ಕೋಹಾ' ಎಂಬ ಕ್ರಮವೊಂದುಂಟು. ನ್ಯೂಜಿಲೆಂಡಿನಲ್ಲಿ ಸಿದ್ಧವಾಗಿ 2000ದಲ್ಲಿ ಬಳಕೆಗೆ ಬಂದುದು. ಅಲ್ಲಿಯ ಮಾವೊರಿ ಜನರ ಮಾತಿನಲ್ಲಿ ಆ ಶಬ್ದಕ್ಕೆ ಕೊಡುಗೆಯೆಂದೇ ಅರ್ಥ, ಅದಕ್ಕೆ ಬೆಲೆಯಿಲ್ಲ. ಯಂತ್ರವೊಂದನ್ನು ಕೊಟ್ಟರೆ ಕೆಲಸವನ್ನು ನಾನೇ ಮಾಡುವೆನೆಂದೆನು. ಬೆಲೆಯಿಲ್ಲವೆಂಬ ಮಾತು ಅವರಿಗೆ ಒಪ್ಪಿಗೆಯಾಯಿತು. ಅಷ್ಟರಲ್ಲಿ ಎರಡನೆಯ ಸಲ ಬರೆದ ಪತ್ರಿಕೆಯೂ ತೇರ್ಗಡೆಯಾಗಿ ಡಿಪ್ಲೊಮಾ ಕೈಸೇರಿತು. ಸಂಬಳದಲ್ಲಿ ಒಂದು ಕಾಸೂ ಏರಲಿಲ್ಲ. ನಮ್ಮ ಮನೆಯವರು ಅದಕ್ಕೆ ಕಟ್ಟು ಹಾಕಿಸಿ, ತಮ್ಮ ಪದವಿಪತ್ರಕ್ಕಿಂತ ಒಂದು ಗೇಣು ಮೇಲೆ ಗೋಡೆಗೆ ತೂಗುಹಾಕಿದರು.

ಎಂಟು ಸಾವಿರ ಪುಸ್ತಕಗಳಿಗೆ ಎರಡೂವರೆ ವರ್ಷಗಳು ಹಿಡಿದುವು. ಮುಗಿದ ಮೇಲೆ ರಾಯರನ್ನು ಕರೆತಂದೆನು. ಅವರಿಗೆ ಆಗ ಎಂಬತ್ತು ದಾಟಿತ್ತು. ಯಂತ್ರದ ಮುಂದೆ ಕುರ್ಚಿಯನ್ನೆಳೆದು ಕೂರಿಸಿ, ಅವರು ಹೇಳಿದ ಪುಸ್ತಕವನ್ನು ತೆರೆದು ತೋರಿಸಿದೆನು. ಬಹಳ ಹೊತ್ತು ನೋಡಿ, "ಇದರ ಬೆನ್ನು ಎಲ್ಲಿದೆಯಮ್ಮಾ?" ಎಂದರು. 500ನೆಯ ಅಂಕೆಯನ್ನು ತೋರಿಸಿದೆನು. ಕನ್ನಡಕವನ್ನು ಒರಸಿಕೊಂಡು ಓದಿದರು.

"ಹರಿದಿರುವುದು ನಲವತ್ತೊಂದನೆಯ ಪುಟ. ನೀನು ಹದಿನಾಲ್ಕು ಎಂದು ಬರೆದಿದ್ದೀಯೆ."

ಕಪಾಟಿನಿಂದ ಪುಸ್ತಕವನ್ನು ತೆಗೆದು ನೋಡಿದೆನು. ನಲವತ್ತೊಂದೇ. ಅವರ ಎದುರಿಗೇ ಕುಳಿತು ತಿದ್ದಿದೆನು. ಬೀರುವನ್ನು ಇನ್ನೂ ರದ್ದಿಗೆ ಕೊಟ್ಟಿಲ್ಲ.